ಲೇಸರ್ ನೇತ್ರಚಿಕಿತ್ಸೆ: ಮುನ್ನ ಮತ್ತು ಅನಂತರ

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೂ ಕನ್ನಡಕವೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಒಂದು ಬಗೆಯ ಅಳುಕು. ಹೆಣ್ಣು ನೋಡಲು ಬಂದಾಗ ಕನ್ನಡಕ ತೆಗೆದಿಡುವ ಸೋದರಿಯರುಂಟು; ಪೊಲೀಸ್ ನೌಕರಿಯ ಆಸೆಯಿಂದ ಅದನ್ನು ತೊಡದೆಯೇ ಕಷ್ಟಪಡುವ ಮಿತ್ರರುಂಟು. ಇಂಥವರ ಬಾಯಲ್ಲಿ ಈಗ ಲೇಸರ್ ಚಿಕಿತ್ಸೆಯ ಮಾತು ಕೇಳಿಬರುತ್ತಿದೆ. ಸಾಲ ಮಾಡಿಯಾದರೂ ಮಾಡಿಸಿಕೊಳ್ಳುವೆನೆನ್ನುವವರು ಮೊದಲು ಅದರ ಸ್ವರೂಪವನ್ನು ತಿಳಿಯುವುದೊಳ್ಳೆಯದು.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಕಣ್ಣುಗುಡ್ಡೆ ಉದ್ದವಾಗಿದ್ದರೆ ಅಥವಾ ಕಾರ್ನಿಯಾದ ಉಬ್ಬು ಹೆಚ್ಚಿದ್ದರೆ ದೂರದ ವಸ್ತುವಿನ ಬಿಂಬವು ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡಿ, ಕರಿಹಲಗೆಯ ಅಕ್ಷರ ಮಸುಕಾಗುತ್ತದೆ. ಲೇಸಿಕ್ ವಿಧಾನದಲ್ಲಿ ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ರಟ್ಟಿನಂತೆ ತೆರೆದು, ಒಳಭಾಗವನ್ನು ಎಕ್ಸೈಮರ್ ಲೇಸರಿನಿಂದ ಬೇಕಾದಷ್ಟು ಸವೆಸಿ, ಪದರವನ್ನು ಮತ್ತೆ ಮುಚ್ಚುತ್ತಾರೆ. ಹೊಲಿಗೆಯ ಅಗತ್ಯವಿಲ್ಲ.

ಈ ಕಿರಣವು ಸುತ್ತಲಿನ ಅಂಗಾಂಶವನ್ನು ಸುಡದೆ ಕೊರೆಯಬಲ್ಲದೆಂಬುದನ್ನು ೧೯೮೧ರಲ್ಲಿ ಕಂಡುಕೊಂಡವರಲ್ಲಿ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಅಮೆರಿಕದ ಐ.ಬಿ.ಎಂ. ಸಂಶೋಧನಾಲಯದಲ್ಲಿ ಅವರ ತಂಡವು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕುಗಳ ಮೇಲೆ ಇದನ್ನು ಪರೀಕ್ಷಿಸಿತು! ಅವರು ೧೯೨೯ರಲ್ಲಿ ಮದ್ರಾಸಿನಲ್ಲಿ ಜನಿಸಿದಾಗ ನಮ್ಮ ಹೊಸಪೇಟೆ, ಕಂಪ್ಲಿಗಳೂ ಅದೇ ಮದ್ರಾಸ್ ಪ್ರಾಂತದಲ್ಲಿದ್ದುವು.

ಇನ್ನು ಸಿದ್ಧತೆ. ವಯಸ್ಸು ೧೮ ತುಂಬಿರಬೇಕು. ಕನ್ನಡಕದ ನಂಬರು ಕನಿಷ್ಠ ಒಂದು ವರ್ಷ ಬದಲಾಗದೆ ನಿಂತಿರಬೇಕು. ಕಾರ್ನಿಯಾ ತೆಳುವಾಗಿದ್ದರೆ, ಶಂಕುವಿನಂತೆ ಚಾಚಿಕೊಳ್ಳುತ್ತಿದ್ದರೆ ಅಥವಾ ಕಣ್ಣು ತೀರ ಒಣಗುತ್ತಿದ್ದರೆ ಲೇಸಿಕ್ ಸಲ್ಲದು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಕಾಯಬೇಕು. ಮೃದು ಕಾಂಟ್ಯಾಕ್ಟ್ ಲೆನ್ಸನ್ನು ಪರೀಕ್ಷೆಗೆ ಎರಡು ವಾರ ಮೊದಲೇ ಬಿಡಬೇಕು. ಗಡಸು ಲೆನ್ಸಾದರೆ ಇನ್ನೂ ಮೊದಲೇ. ಲೆನ್ಸು ಕಾರ್ನಿಯಾದ ಆಕಾರವನ್ನು ಬದಲಿಸುವುದರಿಂದ ಅಳತೆ ತಪ್ಪಾಗುವ ಸಂಭವವುಂಟು. ಚಿಕಿತ್ಸೆಯ ದಿನ ಕಾಡಿಗೆ, ಅತ್ತರು ಬೇಡ. ಮನೆಗೆ ಕರೆತರಲು ಜೊತೆಗೊಬ್ಬರಿರಲಿ. ನೌಕರಿಗಾಗಿ ಮಾಡಿಸಿಕೊಳ್ಳುವವರು ಆಯಾ ಇಲಾಖೆಯು ಈ ಚಿಕಿತ್ಸೆಯನ್ನು ಒಪ್ಪುವುದೇ ಎಂದು ನಿಯಮವನ್ನು ಮೊದಲೇ ಓದಿಕೊಳ್ಳತಕ್ಕದ್ದು.

ಚಿಕಿತ್ಸೆ ಕೆಲವೇ ನಿಮಿಷಗಳದು. ಅನಂತರದ ಎಚ್ಚರ ವಾರಗಳದು. ಮೊದಲ ಕೆಲವು ಗಂಟೆ ಉರಿ, ನೀರು ಸೋರುವುದು ಸಹಜ. ಆದರೆ ಕಣ್ಣುಜ್ಜಿದರೆ ಪದರ ಜರುಗೀತು! ಆದುದರಿಂದಲೇ ಮಲಗುವಾಗ ಕಣ್ಣಿಗೆ ಕವಚ ಕಟ್ಟಿಕೊಳ್ಳಬೇಕು. ಔಷಧದ ಹನಿಗಳನ್ನು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ಹಾಕಬೇಕು. ಅವುಗಳಲ್ಲಿ ಸ್ಟೀರಾಯ್ಡ್ ಹನಿಯನ್ನು ನಾವಾಗಿಯೇ ಮುಂದುವರಿಸಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು. ಹರಳೆಣ್ಣೆ, ಜೇನು, ತಾಯಿಯ ಹಾಲು ಮೊದಲಾದ ಮನೆಮದ್ದುಗಳನ್ನು ಅಕ್ಕರೆಯಿಂದ ತಂದರೂ ಬಿಡಿಸಬಾರದು, ಸೋಂಕು ತಗುಲೀತು.

ನಮ್ಮ ಸೀಮೆಯವರಿಗೆ ಮತ್ತಷ್ಟು ಎಚ್ಚರ ಬೇಕು. ಸಂಡೂರಿನ ಅದಿರಿನ ಧೂಳು, ಕಂಪ್ಲಿಯ ಭತ್ತದ ಒಕ್ಕಣೆಯ ಹೊಟ್ಟು, ಹಂಪಿಯ ಬಂಡೆಗಳ ಮೇಲೆ ಕಣ್ಣು ಕುಕ್ಕುವ ಬಿಸಿಲು, ಇವೆಲ್ಲವುಗಳಿಂದ ದೂರವಿರಬೇಕು. ಹೊರಗೆ ಹೊರಟರೆ ತಂಪು ಕನ್ನಡಕ ಧರಿಸಬೇಕು. ವೈದ್ಯರು ಅನುಮತಿಸುವವರೆಗೆ ತುಂಗಭದ್ರೆಯಲ್ಲಾಗಲಿ ಕಾಲುವೆಯಲ್ಲಾಗಲಿ ಮುಳುಗು ಹಾಕಕೂಡದು. ಕಣ್ಣು ಒಣಗುವುದು, ರಾತ್ರಿ ದೀಪಗಳ ಸುತ್ತ ಬಳೆ ಕಾಣುವುದು ಕೆಲವು ತಿಂಗಳು ಇರಬಹುದು. ನೋವು ಹೆಚ್ಚಿದರೆ, ಕೀವು ಬಂದರೆ, ದೃಷ್ಟಿ ಕುಂದಿದರೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಕಣ್ಣಿನ ಪೊರೆ ತೆಗೆದು ೧೯೫೬ರಲ್ಲಿ ಪದ್ಮಶ್ರೀಯನ್ನೂ ೧೯೬೮ರಲ್ಲಿ ಪದ್ಮಭೂಷಣವನ್ನೂ ಪಡೆದರು. ಆ ಚಿಕಿತ್ಸೆ ಕುರುಡನ್ನು ಕಳೆಯುವಂಥದು, ಅನಿವಾರ್ಯವಾದುದು. ಲೇಸರಾದರೋ ಬಹುಮಟ್ಟಿಗೆ ನಮ್ಮ ಆಯ್ಕೆ. ಅದನ್ನು ಮಾಡಿಸಿಕೊಂಡವರಿಗೂ ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಬೇಕಾದೀತು. ಕನ್ನಡಕ ತೊಡುವುದು ಕುಂದೇನೂ ಅಲ್ಲ. ನಮ್ಮ ಅಜ್ಜ ಅಜ್ಜಿಯರಲ್ಲಿ ಅನೇಕರು ಒಪ್ಪಿಗೆಯ ಪತ್ರಕ್ಕೆ ಹೆಬ್ಬೆಟ್ಟೊತ್ತಿ ವೈದ್ಯರನ್ನು ನಂಬಿದರು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ನಾವು ಆ ಪತ್ರವನ್ನು ಓದಬಲ್ಲೆವು. ಓದೋಣ, ಕೇಳೋಣ, ಅನಂತರವೇ ಸಹಿ ಹಾಕೋಣ.