ದೊಡ್ಡ ಎಬಿಸಿಡಿ, ಸಣ್ಣ ಎಬಿಸಿಡಿ

ಕನ್ನಡದ ಅಕ್ಷರಮಾಲೆಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಅರಸನ ಹೆಸರಿನ ಮೊದಲಕ್ಷರವೂ ಆಳಿನ ಹೆಸರಿನ ಮೊದಲಕ್ಷರವೂ ಒಂದೇ ಎತ್ತರ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಮಾತ್ರ ದೊಡ್ಡ ಎಬಿಸಿಡಿಯನ್ನೂ ಸಣ್ಣ ಎಬಿಸಿಡಿಯನ್ನೂ ಬೇರೆ ಬೇರೆಯಾಗಿ ಉರುಹೊಡೆಯಬೇಕು. ಇವೆರಡೂ ಏತಕ್ಕೆ ಬೇಕೆಂದು ಅವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಬರಿಯ ದೊಡ್ಡಕ್ಷರಗಳಲ್ಲಿದ್ದ ಅಮೆರಿಕದ ಹಳೆಯ ಹವಾಮಾನ ಸಂದೇಶಗಳನ್ನು ಸಾಮಾನ್ಯ ಬರಹಕ್ಕೆ ತಿರುಗಿಸಲು ಕಂಪ್ಯೂಟರಿಗೆ ಒಂದು ಪುಟ್ಟ ಆದೇಶಪಟ್ಟಿಯನ್ನು ಬರೆಯಹೊರಟರೆ, ಆ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ.

ಆ ದೇಶದ ರಾಷ್ಟ್ರೀಯ ಹವಾಮಾನ ಸೇವೆ ತನ್ನ ಮುನ್ಸೂಚನೆಗಳಲ್ಲಿ ಈ ರೂಢಿಯನ್ನು ಬಿಡತೊಡಗಿದ್ದು 2016ರ ಮೇ 11ರಂದು. ಅದು ತಂತಿಯ ಕಾಲದಿಂದ ಉಳಿದುಬಂದ ರೂಢಿ. ಫ್ರಾನ್ಸಿನ ಎಮಿಲ್ ಬೋದೊ 1870ರ ದಶಕದಲ್ಲಿ ರೂಪಿಸಿದ ತಂತಿಸಂಕೇತದಲ್ಲಿ ಅಕ್ಷರವೊಂದಕ್ಕೆ ಐದು ಮಿಡಿತಗಳು. ಐದು ಮಿಡಿತಗಳಿಂದ ಹುಟ್ಟುವ ಸಂಕೇತಗಳು 32 ಮಾತ್ರ. ಅವುಗಳಲ್ಲಿ 26 ಅಕ್ಷರಗಳಿಗೇ ಹೋದ ಮೇಲೆ ಇನ್ನೊಂದು ವರ್ಣಮಾಲೆಗೆ ಎಡೆಯೆಲ್ಲಿ? 1963ರಲ್ಲಿ ಬಂದ ಟೆಲಿಟೈಪಿನ 33ನೆಯ ಮಾದರಿಗೂ ಚಿಕ್ಕಕ್ಷರ ಬಾರದು.

ನನ್ನ ಆದೇಶಪಟ್ಟಿಯನ್ನು ಬಲ್ಲವರು ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಶೆಲ್ ಎಂಬುದು ನಮ್ಮ ಆಜ್ಞೆಯನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುವ ಮಧ್ಯವರ್ತಿ. ಹಲವು ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಒಂದು ಆಜ್ಞೆಯಿಂದ ಹೊರಬಿದ್ದುದನ್ನು ಕೊಳವೆಯ ಮೂಲಕವೆಂಬಂತೆ ಇನ್ನೊಂದಕ್ಕೆ ಹರಿಯಬಿಡಬಹುದು.

ಮೊದಲ ಕೆಲಸ ಅತಿ ಸುಲಭ. ಯಂತ್ರದ ಲೆಕ್ಕದಲ್ಲಿ ದೊಡ್ಡ 'ಎ' 65, ಚಿಕ್ಕ 'ಎ' 97. ಪ್ರತಿಯೊಂದು ಅಕ್ಷರದ ಜೋಡಿಗೂ ಇದೇ 32ರ ಅಂತರ. 'ಟಿಆರ್' ಎಂಬ ಆಜ್ಞೆಯೊಂದೇ ಕ್ಷಣಾರ್ಧದಲ್ಲಿ ಎಲ್ಲವನ್ನೂ ಚಿಕ್ಕದಾಗಿಸುತ್ತದೆ. ತೊಡಕು ಇಲ್ಲಿಂದ ಮುಂದೆ. ವಾಕ್ಯದ ಮೊದಲಕ್ಷರ ಮತ್ತೆ ದೊಡ್ಡದಾಗಬೇಕಷ್ಟೆ? ಪೂರ್ಣವಿರಾಮದ ಮುಂದಿನ ಅಕ್ಷರವನ್ನು ಎತ್ತರಿಸು ಎಂದು 'ಸೆಡ್' ಎಂಬ ಆಜ್ಞೆಗೆ ಹೇಳಬಹುದು. ಆದರೆ ಸೆಡ್ ಸಾಮಾನ್ಯವಾಗಿ ಸಾಲುಸಾಲಾಗಿ ಓದುತ್ತದೆ. ಹಿಂದಿನ ಸಾಲು ಪೂರ್ಣವಿರಾಮದಲ್ಲಿ ಮುಗಿದಿತ್ತೆಂಬುದು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅದರ ನೆನಪಿನಲ್ಲಿರುವುದಿಲ್ಲ. ಆದ್ದರಿಂದ, ಒಂದು ಸಂಗತಿಯನ್ನು ಸುಲಭವಾಗಿ ನೆನಪಿಟ್ಟುಕೊಂಡು ಸಾಗುವ 'ಆಕ್' ಎಂಬ ಭಾಷೆಗೆ ಈ ಹೊಣೆಯನ್ನು ಒಪ್ಪಿಸಿದೆ.

ಇಷ್ಟಾದರೂ ಊರು, ನದಿ, ವಾರ, ತಿಂಗಳುಗಳ ಹೆಸರೆಲ್ಲ ತಲೆತಗ್ಗಿಸಿಯೇ ನಿಂತಿರುತ್ತವೆ. ಅವುಗಳಿಗೊಂದು ಪಟ್ಟಿ ಮಾಡಿಕೊಟ್ಟರಾಯಿತು ಎನ್ನಿಸುತ್ತದೆ. ಆದರೆ 'ಮೇ' ಎಂಬ ಪದವನ್ನು ನೋಡಿ. ಅದು ತಿಂಗಳ ಹೆಸರೂ ಹೌದು, 'ಆಗಬಹುದು' ಎಂಬ ಸಂಭವವನ್ನು ಸೂಚಿಸುವ ಕ್ರಿಯಾಪದವೂ ಹೌದು. 'ಗುಡುಗುಮಳೆಯೊಡನೆ ಆಲಿಕಲ್ಲು ಬೀಳಬಹುದು' ಎನ್ನುವುದೇ ಹವಾಮಾನದವರ ನಿತ್ಯದ ಮಾತು! ಮುಂದೆ ಅಂಕಿ ಬಂದರೆ ತಿಂಗಳೆಂದು ತಿಳಿ, ಇಲ್ಲವಾದರೆ ಸಂಭವವೆಂದು ತಿಳಿ ಎಂದು ನಿಯಮ ಬರೆದೆ. ಬಹುಪಾಲು ನಡೆಯುತ್ತದೆ. 'ನಾವು' ಎಂಬುದರ ಕರ್ಮರೂಪವಾದ 'ಅಸ್' ಮತ್ತು ದೇಶದ ಹೆಸರಿನ ಹ್ರಸ್ವರೂಪವಾದ 'ಯುಎಸ್' ಎರಡೂ ದೊಡ್ಡಕ್ಷರದಲ್ಲಿ ಒಂದೇ ಆಗಿಬಿಡುವಾಗ ಅಂಥ ಸುಲಭ ನಿಯಮವೂ ಇಲ್ಲ.

ಚಿಕ್ಕದನ್ನು ದೊಡ್ಡದು ಮಾಡಲು ಲೆಕ್ಕ ಬಲ್ಲರೆ ಸಾಕು. ದೊಡ್ಡದನ್ನು ಚಿಕ್ಕದು ಮಾಡಲು ಭಾಷೆಯನ್ನು ಬಲ್ಲವರೇ ಬೇಕು. ಎರಡು ಪದಗಳು ಒಂದೇ ರೂಪವನ್ನು ತಳೆದ ಮೇಲೆ, ಮೊದಲು ಯಾವುದಿತ್ತೆಂದು ಆ ಅಕ್ಷರಗಳೇ ಹೇಳಲಾರವು. ಯೂನಿಕ್ಸನ್ನು ಕಟ್ಟಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಒಳಬರುವಾಗಲೇ ತನ್ನ ಹೆಸರನ್ನು ದೊಡ್ಡಕ್ಷರದಲ್ಲಿ ಒತ್ತಿದವನ ಯಂತ್ರಕ್ಕೆ ಚಿಕ್ಕಕ್ಷರ ಬಾರದೆಂದು ಅವರ ವ್ಯವಸ್ಥೆ ಊಹಿಸುತ್ತಿತ್ತು. ಅಲ್ಲಿಂದಾಚೆಗೆ, ನಿಜವಾಗಿಯೂ ದೊಡ್ಡದಾಗಿರಬೇಕಾದ ಅಕ್ಷರದ ಹಿಂದೆ ಒಂದು ಓರೆಗೆರೆಯನ್ನಿಟ್ಟು ತೋರಿಸುತ್ತಿತ್ತು. ಕಾಗದದ ಮೇಲೆ ಅಂದವಿರಲಿಲ್ಲ, ನಿಜ, ಭೇದವಂತೂ ಅಳಿಯುತ್ತಿರಲಿಲ್ಲ.

ಇದು ಪರರ ಲಿಪಿಯ ಪಾಡೆಂದು ನಾವು ಸುಮ್ಮನಿರುವಂತಿಲ್ಲ. ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಒತ್ತುವ ಬಳಕೆಯ ಪದ್ಧತಿಗಳಲ್ಲಿ ಚಿಕ್ಕ 'ಎಲ್' ಲಕಾರಕ್ಕೆ, ದೊಡ್ಡ 'ಎಲ್' ಳಕಾರಕ್ಕೆ. ನಕಾರ ಣಕಾರಗಳಿಗೂ ಇದೇ ಏರ್ಪಾಡು. ಅಂಥ ಬರಹದ ಮೇಲೆ ನನ್ನ ಸ್ಕ್ರಿಪ್ಟಿನ ಮೊದಲ ಆಜ್ಞೆಯನ್ನು ಹರಿಯಬಿಟ್ಟರೆ ಹಳ್ಳಿ ಹಲ್ಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಕುಳಿತ ಮಣೆಯೇ ಮನೆಯಾಗುತ್ತದೆ.

ಹೀಗಾಗಿ ಸ್ಕ್ರಿಪ್ಟಿನ ಕೊನೆಯಲ್ಲಿ ಎರಡು ಏರ್ಪಾಡುಗಳನ್ನು ಮಾಡಿದ್ದೇನೆ. ತಿದ್ದಿದ ಪಾಠವನ್ನು ಬೇರೆ ಕಡತದಲ್ಲಿ ಬರೆದು, ಮೂಲವನ್ನು ಬಂದ ಹಾಗೆಯೇ ಉಳಿಸುತ್ತದೆ. ಎರಡರ್ಥಕ್ಕೆಡೆಯಾದ ಪದ ಎದುರಾದಾಗ ಅದನ್ನು ದೊಡ್ಡಕ್ಷರದಲ್ಲೇ ಬಿಟ್ಟು, ಸಾಲಿನ ಸಂಖ್ಯೆಯೊಡನೆ ಒಂದು ಪಟ್ಟಿಗೆ ಸೇರಿಸುತ್ತದೆ. ಬಿರುಗಾಳಿಯ ಎಚ್ಚರಿಕೆಯಲ್ಲಿ ಊರಿನ ಹೆಸರು ಸಾಮಾನ್ಯ ಪದದಂತೆ ಕಂಡು ಕಣ್ತಪ್ಪಿದರೆ ಅಪಾಯ ಆ ಊರಿನವರಿಗೆ. ಆದುದರಿಂದ ಆ ಪಟ್ಟಿಯನ್ನು ನಾನೇ ಓದಿ, ಒಂದೊಂದಾಗಿ ತೀರ್ಮಾನಿಸುತ್ತೇನೆ.