ನ್ಯಾಯಶಾಸ್ತ್ರ ವ್ಯಾಸಂಗದ ಮೊದಲನೆಯ ವರ್ಷ

ಮಗನನ್ನೋ ಮಗಳನ್ನೋ ಲಾ ಕಾಲೇಜಿಗೆ ಸೇರಿಸಿದ ತಂದೆತಾಯಿಗಳು ಮೂರು ತಿಂಗಳು ಕಳೆಯುವುದರೊಳಗಾಗಿ ಒಂದು ಮಾತನ್ನು ಕೇಳಬೇಕಾಗಿ ಬರುವುದುಂಟು: “ಎಷ್ಟು ಓದಿದರೂ ಮುಗಿಯುವುದಿಲ್ಲ, ಇದು ನನ್ನಿಂದಾಗದು.” ಹಿಂದಿನ ಪರೀಕ್ಷೆಗಳಲ್ಲಿ ಒಳ್ಳೆಯ ದರ್ಜೆ ಪಡೆದವರೂ ಹೀಗೆ ಹೇಳುತ್ತಾರೆ. ಇದನ್ನು ಸೋಮಾರಿತನವೆಂದು ಗದರಿಸುವ ಹಿರಿಯರುಂಟು; ಬುದ್ಧಿ ಸಾಲದೆಂದು ಬಗೆದು ಓದನ್ನೇ ಬಿಡಿಸುವವರೂ ಉಂಟು. ಎರಡೂ ತಪ್ಪೆಂದೇ ನಮ್ಮ ಅಭಿಪ್ರಾಯ. ಹೊರೆ ಇರುವುದು ನಿಜ. ಆದರೆ ಅದನ್ನು ಹೊರುವ ಕ್ರಮವೊಂದುಂಟು. ಆ ಕ್ರಮವನ್ನು ಯಾರೂ ಹೇಳಿಕೊಡದಿರುವುದರಿಂದಲೇ ಎಷ್ಟೋ ಮಂದಿ ಮೊದಲ ವರ್ಷದಲ್ಲಿ ಎದೆಗುಂದುತ್ತಾರೆ.

ಮೊದಲು ಹೊರೆಯನ್ನು ಅಳೆದು ನೋಡೋಣ. ಕರಾರಿನ ಶಾಸನವು 1872ರದು. ಅದರ ಕೊನೆಯ ಕಲಮಿನ ಸಂಖ್ಯೆ 238 ಆದರೂ, 76ರಿಂದ 123ರವರೆಗಿನ ಕಲಮುಗಳು ಸರಕು ಮಾರಾಟದ ಶಾಸನವಾದ 1930ರಲ್ಲಿಯೇ ಅದರಿಂದ ಹೊರಬಿದ್ದಿವೆ. ದಂಡಶಾಸನದ ಅಭ್ಯಾಸವಂತೂ ಈಗ ಇಮ್ಮಡಿಯಾಗಿದೆ. 1860ರ ಭಾರತೀಯ ದಂಡಸಂಹಿತೆಯ 511 ಕಲಮುಗಳ ಸ್ಥಾನದಲ್ಲಿ, 2024ರ ಜುಲೈ 1ರಿಂದ, 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಕೊಲೆಯ ಶಿಕ್ಷೆಯನ್ನು ಹೇಳುತ್ತಿದ್ದ 302ನೆಯ ಕಲಮು ಈಗ 103; ಜನರ ಬಾಯಲ್ಲಿ ಗಾದೆಯಂತಾಗಿದ್ದ 420 ಈಗ 318. ಹಳೆಯ ತೀರ್ಪುಗಳೆಲ್ಲ ಹಳೆಯ ಸಂಖ್ಯೆಗಳಲ್ಲಿಯೇ ಇವೆ. ಆ ದಿನಾಂಕಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಆದುದರಿಂದ ವಿದ್ಯಾರ್ಥಿಯು ಎರಡನ್ನೂ ಬಲ್ಲವನಾಗಿರಬೇಕು. ಅಣ್ಣಂದಿರಿಂದ ಬೇಡಿ ತಂದ ಟಿಪ್ಪಣಿ ಪುಸ್ತಕ ಮೊದಲಿನಂತೆ ಕೈಹಿಡಿಯುವುದಿಲ್ಲ.

ಇದರ ಮೇಲೆ ಭಾಷೆಯ ತೊಡಕು. ವಸ್ತಾರೆ, ಮೂಡಿಗೆರೆ, ಕಳಸಗಳ ಕಡೆಯ ಕಾಫಿ ಸೀಮೆಯಿಂದ, ಕನ್ನಡ ಶಾಲೆಯಲ್ಲಿ ಓದಿ ಪೇಟೆಯ ಕಾಲೇಜಿಗೆ ಬರುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ‘ಕನ್ಸಿಡರೇಷನ್’ ಎಂಬ ಮಾತಿಗೆ ಅವನು ನಿಘಂಟನ್ನು ತೆರೆದರೆ ‘ಪರ್ಯಾಲೋಚನೆ’ ಎಂದಿರುತ್ತದೆ. ಕರಾರಿನ ಶಾಸನದಲ್ಲಾದರೋ ಅದರ ಅರ್ಥ ‘ಪ್ರತಿಫಲ’. ಒಂದು ಪುಟವನ್ನು ಒಂದು ಗಂಟೆ ಓದಿಯೂ ಅರ್ಥವಾಗದಿದ್ದಾಗ, ದೋಷ ತನ್ನ ತಲೆಯದೆಂದೇ ಅವನು ತಿಳಿಯುತ್ತಾನೆ. ಇಂಗ್ಲಿಷಿನಲ್ಲಿಯೇ ಬೆಳೆದ ಪಕ್ಕದ ವಿದ್ಯಾರ್ಥಿಯೂ ಆ ಮಾತಿಗೆ ಅಲ್ಲಿಯೇ ಎಡವಿರುತ್ತಾನೆಂಬುದು ಅವನಿಗೆ ತಿಳಿಯದು. ಇಂತಹ ಪಾರಿಭಾಷಿಕ ಪದಗಳಿಗಾಗಿ ಒಂದು ಸಣ್ಣ ಪುಸ್ತಕವನ್ನು ಪ್ರತ್ಯೇಕವಾಗಿಟ್ಟು, ಎಡಗಡೆ ಇಂಗ್ಲಿಷ್ ಪದವನ್ನೂ ಬಲಗಡೆ ಕನ್ನಡದಲ್ಲಿ ಅದರ ಅರ್ಥವನ್ನೂ ಒಂದು ಉದಾಹರಣೆಯನ್ನೂ ಬರೆದುಕೊಳ್ಳುವುದು ಮೊದಲನೆಯ ಉಪಾಯ.

ಎರಡನೆಯದು, ಕಲಮುಗಳನ್ನು ಬಿಡಿಬಿಡಿಯಾಗಿ ಉರುಹಚ್ಚದೆ, ತಾನು ಬಲ್ಲ ಒಂದು ವ್ಯವಹಾರಕ್ಕೆ ಪೋಣಿಸುವುದು. ವಸ್ತಾರೆಯ ಒಬ್ಬ ಬೆಳೆಗಾರನು ಕೊಯ್ಲಿಗೆ ಮುಂಚೆಯೇ ಐವತ್ತು ಮೂಟೆ ಕಾಫಿಯನ್ನು ಗೊತ್ತಾದ ಬೆಲೆಗೆ ಕೊಡುವೆನೆಂದು ವ್ಯಾಪಾರಿಯೊಬ್ಬನಿಗೆ ಬಾಯಿಮಾತಿನಲ್ಲಿ ಒಪ್ಪಿ ಮುಂಗಡ ಪಡೆದನೆನ್ನೋಣ. ಬಾಯಿಮಾತಿನ ಒಪ್ಪಂದ ನಿಲ್ಲುವುದೇ? ನಿಲ್ಲುತ್ತದೆ, ಆದರೆ ಅದನ್ನು ರುಜುವಾತು ಮಾಡುವುದು ಕಷ್ಟ. ಅದು ಕರಾರಾಗಲು ಏನೇನು ಬೇಕೆಂಬುದಕ್ಕೆ 10ನೆಯ ಕಲಮು ಉತ್ತರ ಕೊಡುತ್ತದೆ. ಬೆಳೆಗಾರನ ಪ್ರಾಯ ಹದಿನೇಳೇ ಆಗಿದ್ದರೆ? 11ನೆಯ ಕಲಮು, ಅದರೊಡನೆ, ಅಪ್ರಾಪ್ತವಯಸ್ಕನ ಕರಾರು ಮೊದಲಿನಿಂದಲೇ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ ಮೋಹೋರಿ ಬೀಬಿಯ ಮೊಕದ್ದಮೆ. ಬೆಲೆ ಏರಿತೆಂದು ಕಾಫಿಯನ್ನು ಬೇರೊಬ್ಬನಿಗೆ ಮಾರಿಬಿಟ್ಟರೆ? ನಷ್ಟಪರಿಹಾರದ 73ನೆಯ ಕಲಮು. ಅಕಾಲದ ಮಳೆಯಿಂದ ಫಸಲೇ ಹಾಳಾದರೆ? ಅಸಾಧ್ಯತೆಯ 56ನೆಯ ಕಲಮು. ಇಲ್ಲಿ ಮತ್ತೊಂದು ಪ್ರಶ್ನೆ ಏಳುತ್ತದೆ: ಒಪ್ಪಿದುದು ಇದೇ ತೋಟದ ಕಾಫಿಯನ್ನೋ, ಅಥವಾ ಎಲ್ಲಿಂದಲಾದರೂ ತಂದು ಕೊಡಬಹುದಾದ ಐವತ್ತು ಮೂಟೆಯನ್ನೋ? ಇಂಗ್ಲೆಂಡಿನಲ್ಲಿ ಒಂದು ಗೊತ್ತಾದ ಹೊಲದ ಆಲೂಗಡ್ಡೆಯನ್ನು ಕುರಿತು 1876ರಲ್ಲಿ ಅಪೀಲಿನಲ್ಲಿ ತೀರ್ಮಾನವಾದ ಹೋವೆಲ್ ಮತ್ತು ಕೂಪ್ಲೆಂಡರ ಮೊಕದ್ದಮೆ ಈ ಭೇದವನ್ನೇ ಹಿಡಿದು ನಡೆಯಿತು. ಬೆಳೆಗೆ ರೋಗ ತಗುಲಿ ನಾಶವಾದುದರಿಂದ ಅಲ್ಲಿ ಬೆಳೆಗಾರನಿಗೆ ವಿನಾಯಿತಿ ದೊರೆಯಿತು. ಹೀಗೆ ಒಂದೇ ವ್ಯವಹಾರವನ್ನು ತಿರುಗಿಸಿ ತಿರುಗಿಸಿ ನೋಡಿದವನಿಗೆ ಕಲಮುಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ. ಕಾಫಿ ಸೀಮೆಯ ಹುಡುಗನಿಗೆ ಇಂತಹ ವ್ಯವಹಾರಗಳ ಪರಿಚಯ ಪೇಟೆಯವರಿಗಿಂತ ಹೆಚ್ಚೆಂಬುದನ್ನು ಅವನಿಗೆ ಯಾರಾದರೂ ಹೇಳಬೇಕು.

ಮೂರನೆಯದು ತೀರ್ಪುಗಳ ಓದು. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯನ್ನು ಹದಿಮೂರು ಮಂದಿ ನ್ಯಾಯಾಧೀಶರು 68 ದಿನಗಳ ಕಾಲ ಕೇಳಿ, 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಅದು ನೂರಾರು ಪುಟಗಳ ಗ್ರಂಥ. ಮೊದಲ ವರ್ಷದವನು ಅದನ್ನು ಆದ್ಯಂತವಾಗಿ ಓದಹೊರಟರೆ ಉಳಿದ ವಿಷಯಗಳು ಮೂಲೆಗೆ ಬೀಳುತ್ತವೆ. ಯಾವ ತೀರ್ಪನ್ನೇ ಆಗಲಿ ನಾಲ್ಕು ಪ್ರಶ್ನೆಗಳೊಡನೆ ಓದಬೇಕು: ನಡೆದುದೇನು? ವಿವಾದವೇನು? ನಿರ್ಣಯವೇನು? ಕಾರಣವೇನು? ಉತ್ತರ ಒಂದು ಪುಟವನ್ನು ಮೀರಬಾರದು. ಮೇಲಿನ ಮೊಕದ್ದಮೆಯ ನಿರ್ಣಯವಂತೂ ಒಂದೇ ವಾಕ್ಯದ್ದು: ಸಂವಿಧಾನವನ್ನು ತಿದ್ದುವ ಅಧಿಕಾರ ಪಾರ್ಲಿಮೆಂಟಿಗುಂಟು, ಅದರ ಮೂಲಸ್ವರೂಪವನ್ನು ಕೆಡಿಸುವ ಅಧಿಕಾರವಿಲ್ಲ. ಏಳು ಮಂದಿ ಈ ಪಕ್ಷ, ಆರು ಮಂದಿ ಭಿನ್ನಪಕ್ಷ. ಇಷ್ಟನ್ನು ಚೆನ್ನಾಗಿ ಬಲ್ಲವನು ಮುಂದಿನ ವರ್ಷಗಳಲ್ಲಿ ವಿಸ್ತಾರವಾಗಿ ಓದಬಹುದು.

ಕಾಫಿ ತೋಟದಲ್ಲಿ ಮರಗಸಿ ಮಾಡುವುದನ್ನು ಕಂಡವರಿಗೆ ಈ ವಿವೇಕ ಹೊಸದಲ್ಲ. ನೆರಳು ದಟ್ಟವಾದರೆ ಫಸಲು ಕುಗ್ಗುತ್ತದೆ. ಎಲ್ಲವನ್ನೂ ಕಡಿದರೆ ಗಿಡ ಬಿಸಿಲಿಗೆ ಬಾಡುತ್ತದೆ. ಯಾವ ಕೊಂಬೆ ಉಳಿಯಬೇಕೆಂಬುದನ್ನು ತಿಳಿದು ಕಡಿಯುವವನೇ ಕುಶಲನು. ವಿಷಯವೊಂದಕ್ಕೆ ಶಾಸನದ ಮೂಲಪಾಠ, ಒಂದು ಒಳ್ಳೆಯ ಪಠ್ಯಪುಸ್ತಕ, ಅಧ್ಯಾಪಕರು ಹೇಳಿದ ಮುಖ್ಯ ಮೊಕದ್ದಮೆಗಳು ಇಷ್ಟು ಸಾಕು. ನಾಲ್ಕು ಗೈಡುಗಳನ್ನು ಕೊಂಡವನು ಒಂದನ್ನೂ ಮುಗಿಸುವುದಿಲ್ಲ.

ನಾಲ್ಕನೆಯದು ನೆನಪನ್ನು ಕುರಿತದ್ದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳು ಕೆಲವು ಪಾಠಭಾಗಗಳನ್ನು ಎರಡು ಸಲ ಓದಿದರು. ಕೆಲವನ್ನು ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ಅನಂತರ ಕೇಳಿದಾಗ ಎರಡು ಸಲ ಓದಿದುದೇ ಮುಂದಾಯಿತು. ಆದರೆ ವಾರ ಕಳೆದ ಮೇಲೆ ಅದರಲ್ಲಿ ನೂರಕ್ಕೆ 42 ಪಾಲು, ಬರೆದುದರಲ್ಲಿ 56 ಪಾಲು ನೆನಪಿನಲ್ಲಿ ಉಳಿದಿತ್ತು. ಪುನಃ ಪುನಃ ಓದುವುದರಿಂದ ‘ತಿಳಿಯಿತು’ ಎಂಬ ಸಮಾಧಾನ ಬರುತ್ತದೆ, ವಿದ್ಯೆ ಅಷ್ಟಾಗಿ ನಿಲ್ಲುವುದಿಲ್ಲ. ಆದುದರಿಂದ ವಾರಕ್ಕೆ ವಿಷಯವೊಂದಕ್ಕೆ ಒಂದು ಉತ್ತರವನ್ನಾದರೂ ಪುಸ್ತಕ ಮುಚ್ಚಿ ಬರೆಯಬೇಕು. ತಪ್ಪಿದ್ದನ್ನು ತೆರೆದು ತಿದ್ದಿಕೊಳ್ಳಬೇಕು. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶವೂ ಉಂಟು. ಇಂಗ್ಲಿಷ್ ಬಾರದೆಂಬ ಒಂದೇ ಕಾರಣದಿಂದ ಯಾರೂ ಹಿಂಜರಿಯಬೇಕಾದುದಿಲ್ಲ.

ಕೊನೆಗೆ ಮನೆಯವರಿಗೆ ಎರಡು ಮಾತು. ರಾತ್ರಿಯೆಲ್ಲ ದೀಪ ಉರಿಯುವುದನ್ನು ಶ್ರದ್ಧೆಯ ಗುರುತೆಂದು ಮೆಚ್ಚಬೇಡಿ. ನಿದ್ರೆಗೆಟ್ಟ ತಲೆಯಲ್ಲಿ ಓದಿದ್ದು ಉಳಿಯುವುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೆಲಸಕ್ಕೆ ಕರೆಯುವುದಾದರೆ, ಪರೀಕ್ಷೆಯ ದಿನಗಳನ್ನು ಮೊದಲು ವಿಚಾರಿಸಿ. “ಎಷ್ಟು ಪುಟ ಓದಿದೆ?” ಎಂದು ಕೇಳುವುದಕ್ಕೆ ಬದಲಾಗಿ “ಇವತ್ತು ಓದಿದ ಮೊಕದ್ದಮೆ ಏನು? ನಮಗೂ ಹೇಳು” ಎಂದು ಕೇಳಿ. ಕಾನೂನು ತಿಳಿಯದ ತಾಯಿಗೆ ಅರ್ಥವಾಗುವಂತೆ ಹೇಳಬಲ್ಲವನು ನಾಳೆ ನ್ಯಾಯಾಧೀಶರಿಗೂ ಹೇಳಬಲ್ಲನು. ಊಟ ನಿದ್ರೆಗಳನ್ನು ಬಿಟ್ಟು, ಯಾರೊಡನೆಯೂ ಮಾತಾಡದೆ, ಬದುಕೇ ಬೇಡವೆಂಬ ಭಾವ ತೋರಿದರೆ ಮಾತ್ರ ತಡಮಾಡಬಾರದು. ಅಧ್ಯಾಪಕರನ್ನೂ ವೈದ್ಯರನ್ನೂ ಕೂಡಲೇ ಕಾಣಬೇಕು. ಹೋದ ಪರೀಕ್ಷೆ ಮುಂದಿನ ಅವಧಿಗೆ ಮತ್ತೆ ಬರುತ್ತದೆ. ಮಕ್ಕಳಿಗೆ ಈ ಮಾತನ್ನು ಮೊದಲ ತಿಂಗಳಲ್ಲಿಯೇ, ಫಲಿತಾಂಶಕ್ಕೆ ಕಾಯದೆ, ಹೇಳಿಬಿಡುವುದು ಒಳ್ಳೆಯದು.