ಒಂದು ಗುಂಟೆಯ ಕೊಯ್ಲು, ಇಡೀ ಪಂಚಾಯಿತಿಯ ಲೆಕ್ಕ

“ನಾಲ್ಕು ಕಡೆ ಅಂಗೈಯಗಲ ಕೊಯ್ದು ನೋಡಿ, ಪಂಚಾಯಿತಿಗೆಲ್ಲ ರಾಗಿ ಚೆನ್ನಾಗಿ ಬಂದಿದೆ ಎಂದು ಬರೆದುಕೊಂಡು ಹೋದರು. ನನ್ನ ಹೊಲದಲ್ಲಿ ಬಿತ್ತಿದ ಬೀಜವೂ ಹುಟ್ಟಲಿಲ್ಲ!” ಬೆಳೆ ವಿಮೆಯ ಹಣ ಬಾರದ ವರ್ಷ ಹಳ್ಳಿಯ ಕಟ್ಟೆಗಳಲ್ಲಿ ಕೇಳಿಬರುವ ಮಾತಿದು. ಮಾತಿನಲ್ಲಿ ಹುರುಳಿದೆ. ಆದರೆ ಆಕ್ಷೇಪಣೆಯನ್ನು ಸರಿಯಾದ ಜಾಗದಲ್ಲಿ ಎತ್ತದಿದ್ದರೆ ಅದು ಕಚೇರಿಯಲ್ಲಿ ನಿಲ್ಲುವುದಿಲ್ಲ.

2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯು ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೊಂದರಲ್ಲಿ ಕನಿಷ್ಠ 4 ಬೆಳೆ ಕಟಾವು ಪ್ರಯೋಗಗಳನ್ನು ಗೊತ್ತುಪಡಿಸಿತು. ಭತ್ತ, ರಾಗಿಯಂಥ ಬೆಳೆಗಳಲ್ಲಿ ಕೊಯ್ಯುವ ತಾಕು ಸಾಮಾನ್ಯವಾಗಿ 5 ಮೀಟರು ಉದ್ದ, 5 ಮೀಟರು ಅಗಲ. ನಾಲ್ಕೂ ಸೇರಿ 100 ಚದರ ಮೀಟರು. ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ.

ಇಷ್ಟು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಲೆಕ್ಕ ಸುಳ್ಳಾಗುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದೆರಡು ಅಗುಳು ಹಿಚುಕುತ್ತೇವಷ್ಟೆ. ಆದರೆ ಅನ್ನದ ಪಾತ್ರೆಯನ್ನು ಸೌಟಿನಿಂದ ತಿರುವಿರುತ್ತೇವೆ, ಹೊಲಗಳನ್ನು ತಿರುವಿದವರಿಲ್ಲ. ಮೇಲಿನ ಕೆಂಪು ಮಣ್ಣು ಒಂದು ಬಗೆ, ಕೆರೆಯ ಕೆಳಗಿನದು ಇನ್ನೊಂದು. ಆದ್ದರಿಂದಲೇ ಸರ್ವೆ ನಂಬರನ್ನು ಲಾಟರಿಯಂತೆ ಎತ್ತುತ್ತಾರೆ. ಹೊಲದೊಳಗೂ ಮೂಲೆಯಿಂದ ಇಷ್ಟು ಹೆಜ್ಜೆ ಎಂದು ಚೀಟಿಯ ಸಂಖ್ಯೆಯಂತೆ ನಡೆದು ತಾಕು ಗುರುತಿಸುತ್ತಾರೆ. ಮಹಾಲನೋಬಿಸ್, ಪಿ. ವಿ. ಸುಖಾತ್ಮೆ ಮೊದಲಾದವರು ಸ್ವಾತಂತ್ರ್ಯಕ್ಕೆ ಮೊದಲೇ ಇಂಥ ಮಾದರಿ ಸಮೀಕ್ಷೆಗಳಿಗೆ ನಮ್ಮ ದೇಶದಲ್ಲಿ ಬುನಾದಿ ಹಾಕಿದರು.

ಎತ್ತಿದ ನಂಬರು ದೂರವೆಂದು ರಸ್ತೆ ಬದಿಯ ಹೊಲಕ್ಕೆ ಇಳಿದರೆ ಸೌಟಾಡಿಸಿದ್ದು ವ್ಯರ್ಥ. ಅಳತೆಯ ತಪ್ಪು ಇನ್ನೂ ಸೂಕ್ಷ್ಮ. ಹಗ್ಗದ ಅಂಚಿನಲ್ಲಿರುವ ತೆನೆ ಒಳಗೋ ಹೊರಗೋ ಎಂಬಲ್ಲಿ ಕೈ ಒಳಕ್ಕೇ ವಾಲುತ್ತದೆ. ತಾಕು ಚಿಕ್ಕದಾದಷ್ಟೂ ಇಳುವರಿ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂದು ಸುಖಾತ್ಮೆ 1940ರ ದಶಕದಲ್ಲೇ ತೋರಿಸಿದ್ದರು. ರೈತನಿಗೆ ಇದು ನೇರ ನಷ್ಟ.

ಇನ್ನು ಸರಾಸರಿಯ ಮಾತು. ಉದಾಹರಣೆಗೆ ಒಂದು ಪಂಚಾಯಿತಿಯ ನಾಲ್ಕು ತಾಕುಗಳ ಲೆಕ್ಕ ಎಕರೆಗೆ 8, 9, 9, 10 ಕ್ವಿಂಟಾಲ್ ಎನ್ನಿ, ಸರಾಸರಿ 9. ಪಕ್ಕದ ಪಂಚಾಯಿತಿಯಲ್ಲಿ 4, 6, 12, 14, ಅಲ್ಲಿಯೂ 9. ಮೊದಲನೆಯದರಲ್ಲಿ 10ರ ಬದಲು 8ರ ಹೊಲ ಚೀಟಿಯಲ್ಲಿ ಬಂದಿದ್ದರೂ ಸರಾಸರಿ ಎಂಟೂವರೆ. ಎರಡನೆಯದರಲ್ಲಿ 14ರ ಬದಲು ಇನ್ನೊಂದು 4ರ ಹೊಲ ಬಂದಿದ್ದರೆ ಆರೂವರೆಗೆ ಇಳಿಯುತ್ತಿತ್ತು. ಪರಿಹಾರದ ಲೆಕ್ಕವೇ ಬೇರೆಯಾಗುತ್ತಿತ್ತು. ಆದುದರಿಂದ ಸರಾಸರಿಯೊಂದನ್ನೇ ಕೇಳಿ ಸುಮ್ಮನಾಗದೆ ನಾಲ್ಕೂ ತಾಕುಗಳ ತೂಕವನ್ನು ಬಿಡಿಬಿಡಿಯಾಗಿ ಕೇಳಬೇಕು. ಅವು ದೂರದೂರ ಚದುರಿದ್ದರೆ, ನಾಲ್ಕರ ಮೇಲೆ ಇಷ್ಟು ಭಾರ ಹೇರಬಾರದೆಂಬ ವಾದಕ್ಕೆ ಬಲ ಬರುತ್ತದೆ.

“ನನ್ನ ಹೊಲ ಒಣಗಿತು, ಆದ್ದರಿಂದ ಸಮೀಕ್ಷೆ ಸುಳ್ಳು” ಎನ್ನುವುದು ಮಾತ್ರ ನಾಲ್ಕರ ಬದಲು ಒಂದೇ ಹೊಲದ ಸಮೀಕ್ಷೆಯಾಯಿತು. ಕ್ಷೇತ್ರೋತ್ಸವದಲ್ಲಿ ನೀರು, ಗೊಬ್ಬರ ಎಲ್ಲ ಕಂಡ ಒಂದು ತಾಕನ್ನು ತೋರಿಸಿ “ಎಲ್ಲರಿಗೂ ಇಷ್ಟೇ ಬರುತ್ತದೆ” ಎಂದು ಬೀಜ ಮಾರುವವನ ವಾದವೂ ಇದೇ ಜಾತಿಯದು. ಪಂಚಾಯಿತಿಯ ಸರಾಸರಿ ಒಬ್ಬೊಬ್ಬರ ಹೊಲದ ಸ್ಥಿತಿ ಹೇಳಲಾರದು. ಆಲಿಕಲ್ಲು ಮಳೆ, ಭೂಕುಸಿತದಂಥ ಸ್ಥಳೀಯ ನಷ್ಟಕ್ಕೆ ಯೋಜನೆಯಲ್ಲಿ ಬೇರೆ ದಾರಿಯಿದೆ. ಅದನ್ನು 72 ಗಂಟೆಗಳೊಳಗೆ ತಿಳಿಸಬೇಕು.

ಕಟಾವಿನ ದಿನ ಊರಿನ ನಾಲ್ಕು ಜನ ಹೊಲದಲ್ಲಿ ನಿಂತಿರುವುದು ಒಳ್ಳೆಯದು. ಎತ್ತಿದ ಸರ್ವೆ ನಂಬರು ಇದೇನಾ, ಹಗ್ಗ ಬಿಗಿಯಾಗಿದೆಯೇ, ಅಂಚಿನ ಗಿಡದ ಬುಡ ಹಗ್ಗದ ಯಾವ ಕಡೆಗಿದೆ ಎಂದು ನೋಡಿ, ತೂಕವನ್ನು ಅಲ್ಲಿಯೇ ಬರೆದುಕೊಳ್ಳಿ. ತಿಂಗಳುಗಳ ಮೇಲೆ ಅರ್ಜಿ ಬರೆಯುವಾಗ ಆ ಚೀಟಿ ಬೇಕಾಗುತ್ತದೆ.